ಸೊನ್ನೆ ಪಿಂಗಿನ ಮಲೀನಾ

"ಎಲ್ಲಿ ಅವಳು?"

ಸ್ಲಾವಿತ್ಸಾ ಗೇಟು ತಳ್ಳಿದ ರಭಸಕ್ಕೆ ಇಡೀ ಲೆಸ್ಕೊವಾಟ್ಸ್ ಊರು ಒಂದು ಗೇಣು ಪಕ್ಕಕ್ಕೆ ಸರಿಯಿತು, ಬೇಕಿದ್ದರೆ ನಕ್ಷೆ ನೋಡಿ! ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತಿದ್ದ ದೆಸಾಂಕಾಳ ಕೈಯಿಂದ ಇಕ್ಕಳ ಜಾರಿತು.

"ಯಾರೇ ಮಗಳೇ?"

"ನಿಮ್ಮ ಮಗನ ಜೊತೆ ಒಳಗೆ ಕೂತಿದ್ದಾಳಲ್ಲ, ಅವಳು!"

ದೆಸಾಂಕಾಳ ಮಗ ಓಗ್ನೆನ್. ಅವನ ಕಂಪ್ಯೂಟರು ಅವನ ಮುತ್ತಜ್ಜನಿಗಿಂತ ಹಳೆಯದು. ಅದು ತಾಳಿಕೊಳ್ಳುತ್ತಿದ್ದುದು ಒಂದೇ ಆಟವನ್ನು: ಪುಕ್ಕಟೆ ಸಿಗುವ, ಅಖಾಡದಲ್ಲಿ ಜಿಗಿಜಿಗಿದು ಗುಂಡು ಹಾರಿಸುವ ಆಟ. ಅಲ್ಲೇ ಅವನು ಸ್ಲಾವಿತ್ಸಾಳ ಎದೆಗೆ ಮೊದಲ ರಾಕೆಟ್ ಹೊಡೆದದ್ದು. ಆ ಎದೆ ಇನ್ನೂ ಸರಿಹೋಗಿಲ್ಲ! ಆದರೆ ಬಾಯಿಬಿಟ್ಟು ಹೇಳಿದವರಾರು? ಇಬ್ಬರೂ ಬರೀ ಬೈದಾಡಿಕೊಂಡೇ ಕಾಲ ಕಳೆದಿದ್ದರು.

ಇವತ್ತು ಅವಳು ತನ್ನ ಮನೆಯಿಂದಲೇ, ಹೇಳದೆ ಕೇಳದೆ ಅವನ ಅಖಾಡಕ್ಕೆ ಇಣುಕಿದ್ದಳು. ಅಲ್ಲಿ... ಮಲೀನಾ ಎಂಬೊಬ್ಬಳು! ತನಗೆ ಒಮ್ಮೆಯೂ ಬಿಟ್ಟುಕೊಡದ ರಕ್ಷಾಕವಚವನ್ನು ಓಗ್ನೆನ್ ಅವಳಿಗೆ ಬಿಟ್ಟುಕೊಡುತ್ತಿದ್ದ!

ಅಂಕಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಪಿಂಗ್ ಎಂಬ ಅಂಕಿ ಇರುತ್ತದೆ. ಆಟಗಾರ ದೂರವಿದ್ದಷ್ಟೂ ಆ ಅಂಕಿ ಹೆಚ್ಚು. ಮಲೀನಾಳದ್ದು ಸೊನ್ನೆ.

'ಸೊನ್ನೆ ಅಂದ್ರೆ... ಅದೇ ಮನೇಲಿದ್ದಾಳೆ! ಭುಜಕ್ಕೆ ಭುಜ ತಾಗಿಸಿಕೊಂಡು... ಅಯ್ಯೋ!'

ಅವಳು ಈಗ ನುಗ್ಗಿದ ಕೋಣೆಯಲ್ಲಿ ಒಂದೇ ಕುರ್ಚಿ, ಅದರ ಮೇಲೆ ಓಗ್ನೆನ್ ಒಬ್ಬನೇ. ಸ್ಲಾವಿತ್ಸಾ ಮಂಚದ ಕೆಳಗೂ ಬಗ್ಗಿ ನೋಡಿದಳು. ಬೆಕ್ಕು ಗುರ್ರೆಂದಿತು.

"ಎಲ್ಲೋ ಬಚ್ಚಿಟ್ಟಿದ್ದೀಯ ಆ ಮಲೀನಾನ?"

ಓಗ್ನೆನ್ ಮುಖ ಅಂಗಳದ ಮೆಣಸಿನಕಾಯಿಯನ್ನೂ ಮೀರಿ ಕೆಂಪಾಯಿತು. "ಅವಳು... ಬಾಟ್ ಕಣೇ. ಕಂಪ್ಯೂಟರೇ ಆಡಿಸೋ ಗೊಂಬೆ."

"ಯಾರಿಗೆ ಹೇಳ್ತೀಯ ಕತೆ! ಗೊಂಬೆಗಳು ನೆಟ್ಟಗೆ ಓಡಿಬಂದು ಸಾಯ್ತವೆ. ಇವಳು ರಾಕೆಟ್ ಬಿಟ್ಟು ಎಡಕ್ಕೆ ಜಿಗೀತಾಳೆ, ಗೆದ್ದರೆ ಎರಡು ಸಲ ಕೂತೆದ್ದು ಅಣಕಿಸ್ತಾಳೆ. ಹಾಗೆ ಮಾಡೋದು..."



ಹಾಗೆ ಮಾಡುವವಳು ಹದಿನಾಲ್ಕು ಲೋಕಗಳಲ್ಲಿ ಒಬ್ಬಳೇ!

"ನೀನು ನೀಶ್‌ಗೆ ಅಕ್ಕನ ಮನೆಗೆ ಹೋಗಿದ್ದೆಯಲ್ಲ... ಅಖಾಡ ಬಿಕೋ ಅಂತಿತ್ತು. ಅದಕ್ಕೇ ನಿನ್ನ ಹಾಗೇ ಜಿಗಿಯೋಕೆ ಈ ಗೊಂಬೆಗೆ ಕಲಿಸಿದೆ. ಬೈಯೋಕೆ ಮಾತ್ರ ಕಲಿಸೋಕಾಗ್ಲಿಲ್ಲ."

'ನನ್ನನ್ನ ನೋಡಿ ನಾನೇ ಹೊಟ್ಟೆ ಉರ್ಕೊಂಡೆನಾ!'

ಆದರೂ ಸೋಲಲು ಮನಸ್ಸಿಲ್ಲ. "ಅವಳಿಗೆ ಕವಚ ಕೊಟ್ಟೆ. ನನಗೆ ಯಾಕೋ ಕೊಡ್ಲಿಲ್ಲ?"

"ಕೊಟ್ಟಿದ್ರೆ ನಿಂಗೆ ಗೊತ್ತಾಗ್ಬಿಡ್ತಿತ್ತಲ್ಲ... ನಿನ್ನ ಪ್ರೀತಿಸ್ತೀನಿ ಅಂತ."

ಅಂಗಳದಲ್ಲಿ ಇಕ್ಕಳ ಮತ್ತೊಮ್ಮೆ ಬಿತ್ತು.

"ಈಗ್ಲೇ ಅಳಿಸಿಬಿಡ್ಲಾ ಅವಳನ್ನ?"

"ಬೇಡ. ಮೊದಲು ನಾನು ಅವಳನ್ನ ಸೋಲಿಸ್ಬೇಕು." ಸ್ಲಾವಿತ್ಸಾ ಕಣ್ಣೊರೆಸಿಕೊಂಡಳು. "ಆ ಕಡೆ ಸರಿ."

"ಇರೋದು ಒಂದೇ ಕುರ್ಚಿ ಕಣೇ..."

"ಕಾಣ್ಸುತ್ತೆ. ಸರಿಯೋ!"