ಪ್ರಸ್ಥಾನದ ಗಂಟು

೧೯೪೮ರ ಮೇ ಹನ್ನೊಂದು, ಬೆಳಗಿನ ಎಂಟು ಗಂಟೆ. ಖಜೂರಿಯ ಜಮೀನುದಾರ ದೌಲತರಾಯ ಆಳಂದ ಠಾಣೆಗೆ ಬಂದು, ತನ್ನ ವಾಡೆಯಲ್ಲಿಟ್ಟಿದ್ದ ಪೆಟ್ರೋಲು ಡಬ್ಬಿಗಳು ಬರಿದಾಗಿವೆ ಎಂದು ದೂರು ಕೊಟ್ಟ. ಠಾಣೆಯ ಅಧಿಕಾರಿ ಅಮೀನ ಜಗದೇವಪ್ಪ ಎಫ್‌ಐಆರ್ ಬರೆದುಕೊಂಡ. ಸಂಸ್ಥಾನದ ಗಡಿಯಾಚೆಯಿಂದ ಎಣ್ಣೆ ಬರುವುದು ನಿಂತು, ಠಾಣೆಯ ಕಂದೀಲಿಗೇ ಗತಿಯಿರಲಿಲ್ಲ.

“ಇಷ್ಟು ಪೆಟ್ರೋಲು ಯಾಕ ಬೇಕಿತ್ರಿ?”

“ಗಡಿ ದಾಟಿ ಸೊಲ್ಲಾಪುರಕ್ಕ ಹೊಂಟಿದ್ವಿ. ಹೊಸಾ ಟೈರು ಹಾಕ್ಸಿ ಕಾರು ತಯಾರು ಮಾಡಿದ್ದೆ. ಗುಟ್ಟಿನ ಮಾತ್ರಿ, ನರಪಿಳ್ಳೆಗೂ ಗೊತ್ತಿಲ್ಲ.”

ಹತ್ತೂವರೆಗೆ ವಾಡೆಯಲ್ಲಿ ಪಂಚನಾಮೆ ನಡೆಯಿತು. ಡಬ್ಬಿಗಳಿದ್ದ ಕೋಣೆಯ ಬೀಗ ಮುರಿದಿರಲಿಲ್ಲ. ಹಿತ್ತಲ ತಿಪ್ಪೆ ಮಾತ್ರ ಪೆಟ್ರೋಲು ನಾರುತ್ತಿತ್ತು. ಕಳ್ಳ ಮನೆಯವನೇ ಎಂದು ಅಮೀನನಿಗೆ ಖಾತ್ರಿಯಾಯಿತು.

ಊರೊಳಗೆ ವಿಚಾರಿಸಿ ಬಂದ ಪೊಲೀಸ್ ಜವಾನ ಖಾದರಸಾಬ ನಗು ತಡೆದುಕೊಂಡು ಹೇಳಿದ: “ಇವ್ರ ಗುಟ್ಟು ಊರಿಗೆಲ್ಲಾ ಗೊತ್ತದರಿ. ಹೋದ ಗುರುವಾರ ನೆರೆಯ ರೇವಣಪ್ಪನ ಮನ್ಯಾಗ ಪ್ರಸ್ಥಾನ ಇಟ್ಟಾರ.”

ಹೊರಡುವ ದಿನಕ್ಕಿಂತ ಮುಂಚೆಯೇ ಒಳ್ಳೆಯ ಮುಹೂರ್ತ ಬಂದರೆ, ಪ್ರಯಾಣದವರ ಒಂದೊಂದು ಬಟ್ಟೆಯನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿಡುವುದು ರೂಢಿ. ಕದ್ದು ಓಡುವವನಿಗೂ ಮುಹೂರ್ತ ಬೇಕು! ಜಗದೇವಪ್ಪನಿಗೆ ಹೇಸಿಗೆಯಾಯಿತು. ರೇವಣಪ್ಪನ ಮನೆಯಿಂದ ಗಂಟು ತರಿಸಿ ಪಂಚರೆದುರು ಬಿಚ್ಚಿಸಿದ. ದೌಲತರಾಯನ ಧೋತರ, ಹೆಂಡತಿಯ ಇಳಕಲ್ಲ ಸೀರೆ, ಇಬ್ಬರು ಮಕ್ಕಳ ಅಂಗಿ. ಬಿಳಿ ಸೀರೆ ಇರಲಿಲ್ಲ. ವಾಡೆಯ ಅಂಗಳದಲ್ಲಿ ಒಂದು ಬಿಳಿ ಸೀರೆ ಒಣಗುತ್ತಿದ್ದುದನ್ನು ಅವನು ಬೆಳಿಗ್ಗೆಯೇ ನೋಡಿದ್ದ.

ಅದು ದೌಲತರಾಯನ ವಿಧವೆ ಅಕ್ಕ ಗುರಮ್ಮನದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

“ಪೆಟ್ರೋಲು ನೀವ ಚೆಲ್ಲಿದ್ರೇನ್ರಿ, ಅಕ್ಕಾರ?”

“ಹೌದ್ರಿ.”

“ಯಾಕ?”

“ನಮ್ಮವ್ವ ಸತ್ತಾಗ ಇಂವ ಕೂಸು. ಬಗಲಾಗ ಹೊತ್ತು ಬೆಳೆಸೀನಿ. ದಂಗ್ಯಾಗ ಸುತ್ತಲ ಊರು ಸುಡಾಕತ್ತಾರ, ನನ್ನೊಬ್ಬಾಕೀನ ಬಿಟ್ಟು ಹೊಂಟಾನ. ಕಾರಿನ್ಯಾಗ ಜಾಗ ಇಲ್ಲಂತ.”

“ವಾಡೆ ಕಾಯಾಕ ಯಾರರ ಇರಬೇಕಲ್ರಿ,” ಎಂದ ದೌಲತರಾಯ.

ಅಮೀನ ಕಾರಿನೊಳಗೆ ಇಣುಕಿದ. ಹಿಂದಿನ ಸೀಟಿನಲ್ಲಿ ಗ್ರಾಮಫೋನು ಕೂತಿತ್ತು. ಅಲುಗಾಡದಂತೆ ಎರಡೂ ಬದಿಗೆ ದಿಂಬು ಬೇರೆ.

“ಇದಕ್ಕ ಜಾಗ ಸಿಕ್ತಲ್ರಿ, ರಾಯರ. ದೂರು ವಾಪಸ್ ತಗೋತೀರೇನು?”

“ಇಲ್ಲ. ಕಾನೂನು ಅಂದ್ರ ಕಾನೂನು.”

“ಹಂಗಾದ್ರ ನಿಮಗೂ ಅದ ಕಾನೂನು. ಪರವಾನಗಿ ಇಲ್ದ ಪೆಟ್ರೋಲು ಇಟ್ಟೀರಿ. ಕಾರು ಜಪ್ತಿ.”

ಇಂಥವನ ಮುಖ ನೋಡಿದ್ದಕ್ಕೆ ಸ್ನಾನ ಮಾಡಬೇಕು ಅನ್ನಿಸಿತು ಜಗದೇವಪ್ಪನಿಗೆ.

ಮಧ್ಯಾಹ್ನ ಒಂದಕ್ಕೆ ಗುರಮ್ಮನನ್ನು ಬಂಧಿಸಿದ. ಆಕೆ ಹಿಟ್ಟಿನ ಕೈ ತೊಳೆದು, ಬಾಗಿಲ ಹಿಂದಿನಿಂದ ಮಡಚಿದ ಬಿಳಿ ಸೀರೆಯೊಂದನ್ನು ತಂದು ಬಂಡಿ ಹತ್ತಿದಳು.

“ಬಟ್ಟಿ ಮೊದ್ಲ ತಯಾರು ಇಟ್ಟಿದ್ರೇನ್ರಿ?” ಎಂದ ಖಾದರಸಾಬ.

“ಗುರುವಾರದಿಂದ ಇಟ್ಟೀನಪ್ಪಾ. ಗಂಟಿಗೆ ಕಟ್ಟಾಕ ಕೇಳ್ತಾರಂತ ತಿಳ್ಕೊಂಡಿದ್ದೆ.”