ಅಮ್ಮನ ಬೆನ್ನು

"ತಿರುಗಬೇಡ, ಅಷ್ಟೇ. ಮಿಕ್ಕಿದ್ದು ನಾನು ನೋಡ್ಕೋತೀನಿ," ಎನ್ನುತ್ತ ಇರ್ಮೆಲಿ ಅಮ್ಮನ ಬೂದು ಸ್ವೆಟರನ್ನು ತಂಗಿಯ ಮುಂದೆ ಹಿಡಿದಳು. ಅಮ್ಮ ಹಿಲ್ಯಾ ತೀರಿಕೊಂಡು ಒಂದು ಚಳಿಗಾಲವೂ ಕಳೆದಿರಲಿಲ್ಲ. ಉಣ್ಣೆಗಿನ್ನೂ ಕಾಫಿಯ ವಾಸನೆಯಿತ್ತು...

ಸೈಮಿ ಕೈ ಚಾಚಲಿಲ್ಲ.

ಫಿನ್ಲೆಂಡಿನ ಸರೋವರದ ದಡದ ಈ ಅಡುಗೆಮನೆಯಲ್ಲೇ ಇರ್ಮೆಲಿಯ ಅಷ್ಟೂ ಸಿನಿಮಾಗಳು ಹುಟ್ಟಿದ್ದು. ನಿರ್ಮಾಪಕರಿಲ್ಲ, ನಟರಿಲ್ಲ, ಸಂಗೀತವಿಲ್ಲ. ಕಿಟಕಿಯ ಬಳಿ ಆಲೂಗಡ್ಡೆ ಸುಲಿಯುವ ಅಮ್ಮ, ಅವಳ ಹಿಂದೆ ಅಲುಗದ ಕ್ಯಾಮೆರಾ. ಮುಖ ತೋರಿಸಿದರೆ ಜನ ಸುಲಭವಾಗಿ ಅತ್ತು ಎದ್ದುಹೋಗುತ್ತಾರೆ ಎಂಬುದು ಇರ್ಮೆಲಿಯ ಹಟ. ಚಿತ್ರೋತ್ಸವಗಳಲ್ಲಿ ಆ ಬೆನ್ನಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆನ್ನು ನೋಯುತ್ತಿದೆಯೇ ತಾಯಿ ಎಂದು ಕೇಳಿದವರು ಒಬ್ಬರೂ ಇಲ್ಲ. ಹೊಸ ಸಿನಿಮಾದ ಕೊನೆಯ ದೃಶ್ಯ ಬಾಕಿಯಿರುವಾಗಲೇ ಅಮ್ಮ ಹೋಗಿಬಿಟ್ಟಳು.

"ಹಿಂದಿನಿಂದ ನೀನು ಥೇಟ್ ಅಮ್ಮನೇ ಕಣೇ."

"ಅದೇ ನನಗೆ ಭಯ ಅಕ್ಕ. ಈ ಕುರ್ಚಿಲಿ ಒಂದ್ಸಲ ಕೂತ್ರೆ ನೀನು ನನ್ನ ಎಬ್ಬಿಸಲ್ಲ. ಅಮ್ಮನ್ನ ಯಾವತ್ತಾದ್ರೂ ಎಬ್ಬಿಸಿದ್ಯಾ?"

"ಜಗಳ ಆಮೇಲೆ ಆಡ್ರಮ್ಮ," ಎಂದ ಧ್ವನಿ ಮುದ್ರಿಸುವ ರೈನೊ, ಇರ್ಮೆಲಿಯ ಗಂಡ. "ಬಿಸಿಲೂ ನಮ್ಮ ಥರಾನೇ ಪುಕ್ಕಟೆ ದುಡೀತಿದೆ, ಅದೂ ಎದ್ದುಹೋದೀತು."

ಅಕ್ಕನ ಕಣ್ಣು ತುಂಬಿದ್ದು ಕಂಡು ಸೈಮಿ ಸ್ವೆಟರ್ ತೊಟ್ಟು ಕೂತಳು.

ದೃಶ್ಯಕ್ಕೆ ಮುಂಚೆ ಖಾಲಿ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳುವುದು ಇವರ ಪದ್ಧತಿ. ಗಡಿಯಾರ ನಿಲ್ಲಿಸಿದರು, ಫ್ರಿಜ್ ಆರಿಸಿದರು, ಉಸಿರು ಬಿಗಿಹಿಡಿದರು. ಹೆಡ್‌ಫೋನ್ ಹಾಕಿಕೊಂಡಿದ್ದ ರೈನೊನ ಮುಖ ಬಿಳಿಚಿತು.

"ಯಾರು... ಸುಲೀತಿರೋದು?"

ಸೈಮಿಯ ಕೈಗಳು ಮಡಿಲಲ್ಲಿ ಖಾಲಿಯಿದ್ದವು. ಇರ್ಮೆಲಿ ಹೆಡ್‌ಫೋನ್ ಕಸಿದು ಕಿವಿಗಿಟ್ಟಳು. ಸರ್... ಸರ್... ಸಿಪ್ಪೆಯ ಮೇಲೆ ಚಾಕು ಜಾರುವ ಸದ್ದು!

ಸೈಮಿಗೆ ಭುಜದ ಮೇಲೆ ಉಣ್ಣೆ ತಣ್ಣಗೆ ಬಿಗಿದಂತಾಯಿತು, ಎರಡು ಅಂಗೈ ಊರಿದಂತೆ. ತಿರುಗದೆಯೇ ಕೇಳಿದಳು: "ಅಕ್ಕ, ಅಮ್ಮ ನಕ್ಕರೆ ಗುಳಿ ಬೀಳ್ತಿದ್ದದ್ದು ಯಾವ ಕೆನ್ನೇಲಿ?"

ಇರ್ಮೆಲಿ ಅಮ್ಮನ ಮುಖವನ್ನು ನೆನಪಿನಲ್ಲಿ ಹುಡುಕಿದಳು. ಸಿಕ್ಕಿದ್ದು ಬೆನ್ನು... ಬರೀ ಬೆನ್ನು. ಅಷ್ಟು ಸಿನಿಮಾಗಳಲ್ಲಿ ಹೆತ್ತವಳ ಮುಖ ಒಮ್ಮೆಯೂ ಇಲ್ಲ.

"ಏಳು, ಸೈಮಿ," ಎಂದಳು ಕೊನೆಗೆ. "ಎದ್ದು ಬಾ. ಸಾಕು."

ತಂಗಿಯ ಮೈಮೇಲಿನ ಸ್ವೆಟರನ್ನು ತಾನೇ ಬಿಚ್ಚಿ ಕುರ್ಚಿಗೆ ಹಾಕಿದಳು. ಕ್ಯಾಮೆರಾ ಹೊತ್ತು ಕಿಟಕಿಯ ಕಡೆ ಹೋಗಿ, ಮೊದಲ ಸಲ ಆ ಕುರ್ಚಿಗೆ ಎದುರಾಗಿ ಮಂಡಿಯೂರಿದಳು.

"ಅಮ್ಮ... ನೀನೂ ಏಳಮ್ಮ."

ಹೆಡ್‌ಫೋನಿನಲ್ಲಿ, ಮೇಜಿನ ಮೇಲೆ ಚಾಕು ಇಟ್ಟ ಸದ್ದಾಯಿತು.