ಸಪಾಟು ರಸ್ತೆಯ ಮಾತು

ಕಾರು ಬೆಲ್‌ಗ್ರೇಡ್ ದಾಟಿ ಉತ್ತರಕ್ಕೆ ತಿರುಗಿತು. ಎರಡೂ ಬದಿಗೆ ಗೋವಿನಜೋಳದ ಹೊಲ, ನಡುವೆ ಒಂದೂ ತಿರುವಿಲ್ಲದ ರಸ್ತೆ. ಒಂಬತ್ತು ನಿಮಿಷ ಯಾರೂ ಮಾತಾಡಲಿಲ್ಲ. 'ಟಿಣ್' ಎಂದು ಗಂಟೆ ಬಾರಿಸಿತು. ಹತ್ತು ಸೆಕೆಂಡಿನಲ್ಲಿ ಕಾರಿನೊಳಗಿದ್ದ ಇಬ್ಬರು ಮುದುಕರೂ ಗಾಢ ನಿದ್ದೆಗೆ ಜಾರಿದರು. ಕಣ್ಣು ಬಿಟ್ಟಾಗ ಎದುರಿಗೆ ಬುಡಾಪೆಸ್ಟಿನ ಸೇತುವೆಗಳಿದ್ದವು.

"ಅರೆ! ಈಗಷ್ಟ ಹೊಲಾ ನೋಡಾಕತ್ತಿದ್ದೆ. ನಾಕು ತಾಸು ಎಲ್ಲಿ ಹೋತೋ ಈರಣ್ಣ?" ಎಂದ ಮೌಲಾಸಾಬ.

ಅವನ ಬಾಯಲ್ಲಿ ಈರಣ್ಣನಾಗಿದ್ದ ಈರಪ್ಪ ಸೇತುವೆಗಳ ಕಡೆ ಮುಖ ತಿರುಗಿಸಿದ. ತುಟಿಯವರೆಗೆ ಬಂದಿದ್ದ ಮಾತು ಮತ್ತೆ ಗಂಟಲೊಳಗೆ ಇಳಿದುಹೋಗಿತ್ತು.

ಈ ಯಂತ್ರದ ಹೆಸರು ಮಾರ್ಗಲೋಪಕ. ಸೀಟಿನೊಳಗೆ ಅಡಗಿರುವ ಬೇಸರಮಾಪಕವು ಪ್ರಯಾಣಿಕರ ಉಸಿರು, ಕಣ್ಣಿನ ಚಲನೆ, ಮಾತುಕತೆಗಳನ್ನು ಅಳೆಯುತ್ತದೆ. ಹೊರಗಿನ ನೋಟ ಬದಲಾಗದೆ, ಒಳಗೂ ಒಂಬತ್ತು ನಿಮಿಷ ಮೌನವಿದ್ದರೆ ಅದನ್ನು ಬೇಸರವೆಂದು ತೀರ್ಮಾನಿಸುತ್ತದೆ. ಗಂಟೆ ಬಾರಿಸಿ ಎಚ್ಚರಿಸುತ್ತದೆ. ಎಚ್ಚರವಿರಲು ಗುಂಡಿ ಒತ್ತದವರನ್ನು ನಿದ್ರಾತರಂಗಗಳಿಂದ ಮಲಗಿಸಿ, ನೋಡತಕ್ಕ ಊರು ಬಂದಾಗ ಎಬ್ಬಿಸುತ್ತದೆ. ಕಾರು ತನ್ನಷ್ಟಕ್ಕೆ ತಾನೇ ಓಡುತ್ತಿರುತ್ತದೆ. ಇದನ್ನು ಕಂಡುಹಿಡಿದವಳು ಪ್ಯಾರಿಸ್ಸಿನಲ್ಲಿದ್ದ ಡಾ. ದಾನೇಶ್ವರಿ, ಈರಪ್ಪನ ತಂಗಿಯ ಮಗಳು. ಸೋದರಮಾವ ತನ್ನ ಗೆಳೆಯನೊಂದಿಗೆ ಇಸ್ತಾಂಬುಲ್‌ನಿಂದ ಪ್ಯಾರಿಸ್ಸಿಗೆ ಕಾರಿನಲ್ಲೇ ಹೋಗಬೇಕು ಎಂದಾಗ, ಮುದುಕರಿಗೆ ದಣಿವಾಗದಿರಲೆಂದು ಪ್ರೀತಿಯಿಂದ ಇದನ್ನು ಜೋಡಿಸಿ ಕಳಿಸಿದ್ದಳು. ಮಾವನಿಗೆ ಬೇಕಾಗಿದ್ದುದೇ ಆ ದೂರ ಎಂಬುದು ಪಾಪ, ಅವಳಿಗೇನು ಗೊತ್ತು?

ಈರಪ್ಪ ಗದಗ–ಗಜೇಂದ್ರಗಡ ಬಸ್ಸಿನ ಡ್ರೈವರಾಗಿದ್ದ. ಬಸ್ಸುಗಳನ್ನು ಮನುಷ್ಯರೇ ಓಡಿಸುತ್ತಿದ್ದ ಕಾಲದ ಕೊನೆಯ ಮಂದಿಯಲ್ಲಿ ಒಬ್ಬ. ಮೌಲಾಸಾಬ ಅದೇ ಬಸ್ಸಿಗೆ ಇಪ್ಪತ್ತು ವರ್ಷ ಕಂಡಕ್ಟರ್. ಹನ್ನೊಂದು ವರ್ಷದ ಹಿಂದೆ, ಈರಪ್ಪನ ನೌಕರಿಯ ಕೊನೆಯ ವಾರದಲ್ಲಿ, ಅವನು ಕುಡಿದು ಗಾಡಿ ಹೊಡೆಯುತ್ತಾನೆಂದು ಯಾರೋ ಸುಳ್ಳು ಅರ್ಜಿ ಬರೆದರು. ಬರೆದವನು ಮೌಲಾಸಾಬನೇ ಎಂದು ನಂಬಿದ ಈರಪ್ಪ, ತುಂಬಿದ ಬಸ್ ಸ್ಟ್ಯಾಂಡಿನಲ್ಲಿ ಅವನ ಕೆನ್ನೆಗೆ ಬಾರಿಸಿದ. ಮೌಲಾಸಾಬ ಬಿದ್ದ ಟಿಕೆಟ್ ಮಷಿನ್ ಎತ್ತಿಕೊಂಡು ಒರೆಸಿ, ಬಸ್ಸು ಹತ್ತಿದ. ಬರೆದವನು ಬೇರೆಯವನೆಂದು ವಾರದಲ್ಲೇ ತಿಳಿಯಿತು. ಗೆಳೆತನವೇನೂ ಮುರಿಯಲಿಲ್ಲ, ಯುಗಾದಿಗೆ ಇವನ ಮನೆಯ ಹೋಳಿಗೆ, ರಂಜಾನಿಗೆ ಅವನ ಮನೆಯ ಶ್ಯಾವಿಗೆಯ ಸುರಕುಂಬಾ ತಪ್ಪಲಿಲ್ಲ. ಆದರೆ 'ತಪ್ಪಾತು' ಎಂಬ ಒಂದು ಮಾತು ಈರಪ್ಪನ ಬಾಯಿಂದ ಬರಲಿಲ್ಲ.

ಗದಗಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ. ಅವನೂ ಹನ್ನೊಂದು ವರ್ಷ ಅದನ್ನೇ ಕೇಳಿಕೊಂಡಿದ್ದಾನೆ. ಆದರೆ ಇವರಿಬ್ಬರ ನಡುವೆ ಮನಸ್ಸಿನ ಮಾತಿಗೊಂದು ಪದ್ಧತಿಯಿತ್ತು. ಊರೊಳಗೆ ಮಾತಿಲ್ಲ, ತಿರುವಿನಲ್ಲಿ ಮಾತಿಲ್ಲ. ಸಪಾಟು ರಸ್ತೆ ಬರಬೇಕು, ಜನ ಇಳಿದು ಬಸ್ಸು ಹಗುರಾಗಬೇಕು. ಕಾಲು ತಾಸು ಇಬ್ಬರೂ ಸುಮ್ಮನಿರಬೇಕು. ಆಮೇಲೆ ಈರಪ್ಪ ಟೊಪ್ಪಿಗೆ ತೆಗೆದು ಮುಂದಿಡುತ್ತಿದ್ದ, ಮಾತು ಶುರುವಾಗುತ್ತಿತ್ತು. ಮಗಳ ಸಂಬಂಧ, ತಮ್ಮನ ಜಗಳ ಎಲ್ಲವೂ ಹಾಗೆಯೇ ಇತ್ಯರ್ಥವಾಗಿದ್ದವು. ನಿವೃತ್ತಿಯಾದ ಮೇಲೆ ಅಂಥ ರಸ್ತೆ ಇಬ್ಬರಿಗೂ ಸಿಕ್ಕಿರಲಿಲ್ಲ. ಅದಕ್ಕೇ ಈ ಯುರೋಪು, ಈ ಎರಡೂಮುಕ್ಕಾಲು ಸಾವಿರ ಕಿಲೋಮೀಟರು.

ಯಂತ್ರ ಕೊಟ್ಟದ್ದು ಒಂಬತ್ತೇ ನಿಮಿಷ. ಬಲ್ಗೇರಿಯಾದ ಬಯಲಿನಲ್ಲಿ, ಹಂಗೇರಿಯಲ್ಲಿ, ವಿಯೆನ್ನಾದ ಆಚೆ, ಪ್ರತಿ ಸಲ ಈರಪ್ಪ ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಗುಂಡಿ ಒತ್ತಬಹುದಿತ್ತು. ಆದರೆ ಬೆಲ್ ಎಂಬುದು ಕಂಡಕ್ಟರನ ಕಾರಭಾರ. ಡ್ರೈವರ್ ಅದಕ್ಕೆ ಕೈಹಾಕಿದವನಲ್ಲ. ಮೌಲಾಸಾಬನಾದರೋ, ಪಾಪ ಈರಣ್ಣನಿಗೆ ನಿದ್ದೆ ಬೇಕೇನೋ ಎಂದು ಸುಮ್ಮನಿರುತ್ತಿದ್ದ.

ಕೊನೆಯ ಸಲ ಕಾಲು ತಾಸು ಕಾಯದೆ ಈರಪ್ಪ ಟೊಪ್ಪಿಗೆ ತೆಗೆದಿಟ್ಟರೂ ಗಂಟೆಯೇ ಗೆದ್ದಿತು. ಹೀಗೆ ಪ್ಯಾರಿಸ್ ಬಂದೇಬಿಟ್ಟಿತು. ದಾನೇಶ್ವರಿ ಮೂರು ದಿನ ಊರೆಲ್ಲ ತಿರುಗಿಸಿದಳು. ಎಲ್ಲೆಲ್ಲೂ ಜನ, ಎಲ್ಲೆಲ್ಲೂ ಗದ್ದಲ. ವಿಮಾನದಲ್ಲಿ ಮರಳಿದರು. ಎರಡು ತಿಂಗಳಿಗೆ ಮೌಲಾಸಾಬ ಎದೆನೋವಿನಿಂದ ತೀರಿಕೊಂಡ.

ದಾನೇಶ್ವರಿ ರಜೆಗೆ ಗದಗಿಗೆ ಬಂದಾಗ ಈರಪ್ಪ ಎಲ್ಲವನ್ನೂ ಬಿಚ್ಚಿಟ್ಟ. ಕೊನೆಗೆ ಕೇಳಿದ: "ಯವ್ವಾ, ಆ ಮಷಿನ್ ತಿಂದ ತಾಸು ತಿರುಗಿ ಕೊಡಾಕ ಬರ್ತೈತೇನು?"

"ಇಲ್ಲ ಮಾಮಾ. ಕಾರಿಗೆ ಹೇಳಿದ ಮಾತಷ್ಟ ದಾಖಲಾಗಿರ್ತಾವು." ಆಕೆ ಕಡತ ತೆರೆದು ನೋಡಿದಳು. ಮುಖ ಸಪ್ಪಗಾಯಿತು. "ನಿಮ್ಮ ಗೆಳ್ಯಾರು ಕಡೀ ಸಲ ಗುಂಡಿ ಒತ್ತ್ಯಾರ, ಮಾಮಾ. ಪ್ಯಾರಿಸ್ಸಿಗಿ ಎರಡು ತಾಸು ಇದ್ದಾಗ, ಗೋಧಿ ಹೊಲದಾಗ. ಆದ್ರ ಅದು ಒತ್ತಿದವ್ರನ್ನಷ್ಟ ಎಚ್ಚರ ಇಡತೈತಿ."

ಒಂದು ಬೆಲ್ ಹೊಡೆದರೆ ಇಡೀ ಗಾಡಿ ನಿಲ್ಲುತ್ತದೆಂದು ನಂಬಿ ಬದುಕಿದ ಮನುಷ್ಯ ಮೌಲಾಸಾಬ.

ದಾನೇಶ್ವರಿ ಧ್ವನಿಮುದ್ರಣ ಹಚ್ಚಿದಳು. ಮೌಲಾಸಾಬನದೇ ದನಿ: "ತಮ್ಮಾ, ಇವನ್ನ ಎಬ್ಬಸಪಾ. ಟೊಪ್ಪಿಗಿ ತಗದಾನ, ಏನೋ ಹೇಳಾಂವ ಅದಾನ." ಕಾರು ಉತ್ತರಿಸಿತ್ತು: 'ಪ್ರಯಾಣಿಕರು ಸುಖನಿದ್ದೆಯಲ್ಲಿದ್ದಾರೆ.' ಸ್ವಲ್ಪ ಹೊತ್ತಿನ ನಂತರ ಮತ್ತೆ: "ಎಬ್ಬಸೋ ಮಾರಾಯಾ." ಮತ್ತೆ ಅದೇ ಉತ್ತರ. ಕೊನೆಗೆ: "ಹೋಗ್ಲಿ ಬಿಡು. ಎದ್ದಕೂಡ್ಲೆ ನಾನ ಕೇಳ್ತೀನಿ."

ದಾನೇಶ್ವರಿ ಕಣ್ಣೊರೆಸಿಕೊಂಡಳು. "ನನ್ನಿಂದ ಹಿಂಗಾತು ಮಾಮಾ. ಸುಮ್ಮನಿರೋದಂದ್ರ ಬ್ಯಾಸರ ಅಂತ ತಿಳದ್ನಿ. ಅವ್ರು ಕೇಳಲೇ ಇಲ್ಲೇನು?"

ಈರಪ್ಪ ತನ್ನ ಅಂಗೈ ನೋಡಿಕೊಂಡ. ಗೆಳೆಯನ ಕೆನ್ನೆಗೆ ಬಾರಿಸಿದ್ದ ಅದೇ ಬಲಗೈ.

"ಕೇಳಿದ್ನವ್ವಾ," ಎಂದ. "ಎಚ್ಚರಾದಾಗ ಊರು ಬಂದಬಿಟ್ಟಿತ್ತು, ನೀ ರಸ್ತೆದಾಗ ನಿಂತು ಕೈ ಬೀಸಾಕತ್ತಿದ್ದಿ. ಅವ ನನ್ನ ರಟ್ಟಿ ಹಿಡದು, 'ಈರಣ್ಣ, ಏನಾರ ಹೇಳೂದಿತ್ತೇನು?' ಅಂದ."

"ನೀವೇನಂದ್ರಿ?"

"'ಏನಿಲ್ಲೋ, ಎಲ್ಲ್ಯಾರ ಚಾ ಸಿಗತೈತೇನು ನೋಡು' ಅಂದೆ."